ಇಯರ್ ಬ್ಯಾಕ್ ಆದ ಹುಡುಗನ ಪುಸ್ತಕದ ಪೆಟ್ಟಿಗೆ

‘ಅಪರಾಧ ಮತ್ತು ಶಿಕ್ಷೆ’ ಬರೆದ ಫ್ಯೋದರ್ ದಾಸ್ತೊಯೆವ್‌ಸ್ಕಿ ನಮ್ಮ ಹಾಗೇ ಇಂಜಿನಿಯರಿಂಗ್ ಓದಿದವನು. ಇಷ್ಟಪಟ್ಟು ಸೇರಿದ್ದಲ್ಲ, ಅಪ್ಪ ಸೇರಿಸಿದ್ದು. ಸೇರಿದ ವರ್ಷವೇ ಇಯರ್ ಬ್ಯಾಕ್ ಕೂಡ ಆಯ್ತು. ದೊಡ್ಡ ಲೇಖಕರ ಬಗ್ಗೆ ಬರೆಯುವಾಗ ಸಾಮಾನ್ಯವಾಗಿ ಕೃತಿಗಳ ಪಟ್ಟಿ ಕೊಡ್ತಾರೆ. ನನ್ನನ್ನು ಹೆಚ್ಚು ಕಾಡಿದ್ದು ಅವನು ಏನೇನು ಓದಿದ ಅನ್ನೋ ಕಥೆ. ಯಾಕಂದ್ರೆ ಒಂದು ಸಂಜೆಯ ಓದಿಗಾಗಿ ಅವನು ಬದುಕಿನ ಹತ್ತು ವರ್ಷ ಕಳೆದುಕೊಂಡ. (ಮುಂದೆ ಬರುವ ತಾರೀಖುಗಳೆಲ್ಲ ಆಗಿನ ರಷ್ಯಾದ ಹಳೇ ಕ್ಯಾಲೆಂಡರಿನವು. ನಮ್ಮ ಲೆಕ್ಕಕ್ಕೆ 12 ದಿನ ಕೂಡಿಸಿಕೊಳ್ಳಿ.)

ಹುಟ್ಟಿದ್ದು 1821ರ ಅಕ್ಟೋಬರ್ 30, ಮಾಸ್ಕೋದಲ್ಲಿ. ಅಪ್ಪ ಬಡವರ ಆಸ್ಪತ್ರೆಯೊಂದರ ಡಾಕ್ಟರ್. ಆಸ್ಪತ್ರೆ ಆವರಣದ ಕ್ವಾರ್ಟರ್ಸಿನಲ್ಲೇ ಮನೆ. ರಾತ್ರಿ ಅಪ್ಪ ಅಮ್ಮ ಸರದಿ ಮೇಲೆ ಗಟ್ಟಿಯಾಗಿ ಓದುತ್ತಿದ್ದರು, ಮಕ್ಕಳು ಸುತ್ತ ಕೂತು ಕೇಳುತ್ತಿದ್ದರು. ಅಕ್ಷರ ಕಲಿತದ್ದು ಬೈಬಲ್ಲಿನ 104 ಕಥೆಗಳಿದ್ದ ಒಂದು ಮಕ್ಕಳ ಪುಸ್ತಕದಿಂದ. ಹನ್ನೆರಡನೇ ವಯಸ್ಸಿನಲ್ಲಿ ಹಳ್ಳಿಗೆ ರಜಕ್ಕೆ ಹೋದಾಗ ವಾಲ್ಟರ್ ಸ್ಕಾಟ್‌ನ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದ. 1837ರಲ್ಲಿ ಅಮ್ಮ ಕ್ಷಯದಿಂದ ತೀರಿಕೊಂಡಳು. ಅದೇ ಹೊತ್ತಿಗೆ ಕವಿ ಪುಷ್ಕಿನ್ ದ್ವಂದ್ವಯುದ್ಧದಲ್ಲಿ ಸತ್ತ ಸುದ್ದಿಯೂ ಬಂತು. ಅಮ್ಮನ ಸೂತಕ ಇಲ್ಲದೇ ಇದ್ದಿದ್ದರೆ ಪುಷ್ಕಿನ್‌ಗೋಸ್ಕರ ಸೂತಕದ ಬಟ್ಟೆ ಹಾಕಿಕೊಳ್ಳಲು ಅಪ್ಪನ ಅನುಮತಿ ಕೇಳುತ್ತಿದ್ದೆ ಅಂತ ಹದಿನೈದರ ಹುಡುಗ ಅಣ್ಣತಮ್ಮಂದಿರ ಹತ್ತಿರ ಹೇಳಿಕೊಂಡಿದ್ದ.

ಆ ವರ್ಷವೇ ಅಪ್ಪ ಅವನನ್ನೂ ಅಣ್ಣ ಮಿಖಾಯಿಲ್‌ನನ್ನೂ ಪೀಟರ್ಸ್‌ಬರ್ಗಿಗೆ ಕರೆದೊಯ್ದ. ಸರ್ಕಾರಿ ಮಿಲಿಟರಿ ಇಂಜಿನಿಯರಿಂಗ್ ಶಾಲೆಗೆ ಸೇರಿದರೆ ಕೆಲಸ ಗ್ಯಾರಂಟಿ ಅನ್ನೋ ಲೆಕ್ಕಾಚಾರ. ಅಪ್ಪಂದಿರ ಲೆಕ್ಕಾಚಾರ ಆಗಲೂ ಇದೇ! ಆರೋಗ್ಯದ ಕಾರಣಕ್ಕೆ ಅಣ್ಣನಿಗೆ ಸೀಟು ಸಿಗಲಿಲ್ಲ. 1838ರ ಜನವರಿಯಲ್ಲಿ ತಮ್ಮ ಒಬ್ಬನೇ ಸೇರಿದ. ಶಾಲೆ ಇದ್ದದ್ದು ಒಂದು ಹಳೇ ಅರಮನೆಯಲ್ಲಿ. 1801ರಲ್ಲಿ ತ್ಸಾರ್ ಪಾವೆಲ್‌ನನ್ನು ಅವನದೇ ಜನ ಕೊಂದದ್ದು ಅಲ್ಲೇ. ಬೆಳಗಾದರೆ ಡ್ರಿಲ್ಲು, ಆಮೇಲೆ ಗಣಿತ, ಕೋಟೆ ಕಟ್ಟುವ ವಿದ್ಯೆ, ಡ್ರಾಯಿಂಗ್. ರಾತ್ರಿ ಎಲ್ಲರೂ ಮಲಗಿದ ಮೇಲೆ ಇವನು ಕಂಬಳಿ ಹೊದ್ದುಕೊಂಡು ನದಿ ಕಡೆಯ ಕಿಟಕಿಯ ಮೂಲೆಯಲ್ಲಿ ಕೂತು ಓದುತ್ತಿದ್ದ, ಬರೆಯುತ್ತಿದ್ದ. ಡ್ಯೂಟಿ ಆಫೀಸರ್ ಬಂದು ಮಲಗಪ್ಪಾ ಅಂದರೆ ತಲೆಯಾಡಿಸಿ, ಅವನು ಅತ್ತ ಹೋದ ಮೇಲೆ ಮತ್ತೆ ಅಲ್ಲೇ ಹಾಜರು. 1838ರ ಬೇಸಿಗೆಯಲ್ಲಿ ಅಣ್ಣನಿಗೆ ಬರೆದ ಪತ್ರದಲ್ಲಿ ಹಾಫ್‌ಮನ್ ಪೂರ್ತಿ ಆಯ್ತು, ಬಾಲ್ಜಾಕ್ ಹತ್ತಿರ ಹತ್ತಿರ ಮುಗೀತು, ಗಯಟೆ, ಹ್ಯೂಗೋ ನಡೀತಿದೆ ಅಂತ ವರದಿ ಕೊಟ್ಟಿದ್ದಾನೆ. ಅದೇ ವರ್ಷ ಶಾಲೆ ಅವನನ್ನು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಿತು. ಇವೆರಡಕ್ಕೂ ಸಂಬಂಧ ಇದೆಯೋ ಇಲ್ಲವೋ, ನಿಮಗೇ ಬಿಟ್ಟದ್ದು.

ಮರುವರ್ಷ ಕ್ಯಾಂಪಿಗೆ ಹೋಗುವ ಮುಂಚೆ ಅಪ್ಪನಿಗೆ ದುಡ್ಡು ಕೇಳಿ ಒಂದು ಪತ್ರ ಹಾಕಿದ. ಕೇಳಿದ್ದು ಮೂರಕ್ಕೆ: ಚಹಾಕ್ಕೆ, ಬೂಟಿಗೆ, ಪುಸ್ತಕ ಇಡುವ ಒಂದು ಪೆಟ್ಟಿಗೆಗೆ. ಓದಿದರೆ ಪಾಪ ಅನಿಸುತ್ತೆ. ಆದರೆ ಅದೇ ಕ್ಯಾಂಪಿನಲ್ಲಿದ್ದ, ಮುಂದೆ ಭೂಗೋಳ ವಿಜ್ಞಾನಿಯಾಗಿ ಹೆಸರು ಮಾಡಿದ ಸೆಮ್ಯೋನೊವ್ ಇದನ್ನು ಒಪ್ಪೋದಿಲ್ಲ. ತನಗೆ ಸ್ವಂತ ಚಹಾ, ಸ್ವಂತ ಬೂಟು, ಪೆಟ್ಟಿಗೆ ಯಾವುದೂ ಇರಲಿಲ್ಲ, ಆದರೂ ದಾಸ್ತೊಯೆವ್‌ಸ್ಕಿಗಿಂತ ಕಮ್ಮಿಯೇನೂ ಓದಲಿಲ್ಲ, ಅದೆಲ್ಲ ಜೊತೆಯವರ ಸರಿಸಮ ಕಾಣಿಸಿಕೊಳ್ಳುವ ಆಸೆ ಅಷ್ಟೇ ಅಂತ ಬರೆದಿದ್ದಾನೆ. ಹಾಸ್ಟೆಲಿನಲ್ಲಿ ಇದ್ದವರಿಗೆ ಇಬ್ಬರೂ ಹೇಳುವುದು ನಿಜ ಅಂತ ಗೊತ್ತಾಗುತ್ತೆ.

1843ರಲ್ಲಿ ಕೋರ್ಸ್ ಮುಗಿದು ಡ್ರಾಯಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಒಂದು ವರ್ಷ ಕಳೆಯುವಷ್ಟರಲ್ಲಿ ರಾಜೀನಾಮೆ. ಕೈಯಲ್ಲಿ ದುಡ್ಡಿಲ್ಲ, ಸಾಲ ಇದೆ. ಬಾಲ್ಜಾಕ್‌ನ ‘ಯೂಜಿನಿ ಗ್ರಾಂದೆ’ಯನ್ನು ರಷ್ಯನ್ನಿಗೆ ಅನುವಾದಿಸಿದ, 1844ರಲ್ಲಿ ಅಚ್ಚಾದ ಅವನ ಮೊದಲ ಕೆಲಸ ಅದೇ, ಅದರಲ್ಲಿ ಅವನ ಹೆಸರೂ ಇರಲಿಲ್ಲ. ಓದುತ್ತಾ ಓದುತ್ತಾ ಅನುವಾದ, ಅನುವಾದ ಮಾಡುತ್ತಾ ಸ್ವಂತ ಕಾದಂಬರಿ. ‘ಬಡ ಜನ’ದ ಹಸ್ತಪ್ರತಿಯನ್ನು ರೂಮ್‌ಮೇಟ್ ಗ್ರಿಗೊರೊವಿಚ್ (ಇವನೂ ಅದೇ ಇಂಜಿನಿಯರಿಂಗ್ ಶಾಲೆಯವನು) ಕವಿ ನೆಕ್ರಾಸೊವ್ ಹತ್ತಿರ ಒಯ್ದ. ಹತ್ತು ಪುಟ ನೋಡೋಣ ಅಂತ ಕೂತವರು ರಾತ್ರಿಯಿಡೀ ಓದಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಬಂದು ಬಾಗಿಲು ತಟ್ಟಿ ಅವನನ್ನು ತಬ್ಬಿಕೊಂಡರು.

‘ಬಡ ಜನ’ 1846ರಲ್ಲಿ ಬಂತು. ಅದು ಬಡತನದ ಕಾದಂಬರಿ ಅಂತ ಎಲ್ಲರೂ ಹೇಳ್ತಾರೆ. ಅದು ಪುಸ್ತಕ ಆರಿಸುವುದರ ಕಾದಂಬರಿ ಕೂಡ. ವಾರೆಂಕಾ ಅನ್ನೋ ಹುಡುಗಿ ತನಗೆ ಓದು ಹತ್ತಿಸಿದ ಬಡ ವಿದ್ಯಾರ್ಥಿಯ ಹುಟ್ಟುಹಬ್ಬಕ್ಕೆ ಪುಷ್ಕಿನ್‌ನ ಸಮಗ್ರ ಕೃತಿಗಳನ್ನು ಕೊಡಬೇಕು ಅಂದುಕೊಳ್ಳುತ್ತಾಳೆ. ಹೊಸದು ಕೈಗೆಟುಕಲ್ಲ. ಹಳೇ ಪುಸ್ತಕದ ಅಂಗಡಿ ಸಾಲಿಗೆ ಹೋಗಿ ಚೌಕಾಸಿ ಮಾಡುತ್ತಾಳೆ, ಆದರೂ ಸ್ವಲ್ಪ ದುಡ್ಡು ಸಾಲದು. ಅಲ್ಲೇ ಇನ್ನೊಂದು ಅಂಗಡಿ ಮುಂದೆ ಆ ಹುಡುಗನ ಅಪ್ಪ ನಿಂತಿದ್ದಾನೆ. ಕುಡುಕ. ಮಗನಿಗೆ ಏನಾದರೂ ಕೊಡಬೇಕು ಅಂತ ಪುಡಿಗಾಸು ಹಿಡಿದುಕೊಂಡು, ಯಾವ ಪುಸ್ತಕ ಒಳ್ಳೆಯದು ಅಂತ ಗೊತ್ತಾಗದೆ ಒಂದೊಂದೇ ಮುಟ್ಟಿ ನೋಡುತ್ತಿದ್ದಾನೆ. ಇಬ್ಬರ ದುಡ್ಡೂ ಸೇರಿ 11 ಸಂಪುಟ ಬರುತ್ತೆ. ಮನೆಗೆ ಬಂದ ಮೇಲೆ ಮುದುಕ ಅಂಜುತ್ತಾ ಅಂಜುತ್ತಾ ಒಂದು ಲೆಕ್ಕ ಹೇಳುತ್ತಾನೆ: ಹತ್ತು ಸಂಪುಟ ನೀನು ಕೊಡು, ಹನ್ನೊಂದನೆಯದು ನಾನು ಕೊಡ್ತೀನಿ. ಹುಡುಗಿ ಹನ್ನೊಂದನ್ನೂ ಅವನ ಕೈಯಲ್ಲೇ ಕೊಡಿಸುತ್ತಾಳೆ. ಸ್ವಲ್ಪ ದಿನಕ್ಕೆ ಮಗ ಸಾಯುತ್ತಾನೆ. ಹೆಣದ ಗಾಡಿಯ ಹಿಂದೆ ಮುದುಕ ಮಳೆಯಲ್ಲಿ ಬರಿತಲೆಯಲ್ಲಿ ಓಡುತ್ತಾನೆ. ಜೇಬುಗಳ ತುಂಬ ಮಗನ ಪುಸ್ತಕ. ಒಂದೊಂದು ಕೆಸರಿಗೆ ಬೀಳುತ್ತೆ, ದಾರಿಹೋಕರು ಕರೆದು ತೋರಿಸುತ್ತಾರೆ, ಎತ್ತಿಕೊಂಡು ಮತ್ತೆ ಓಡುತ್ತಾನೆ. ಇದನ್ನು ಬರೆದಾಗ ಇವನಿಗೆ 23 ವರ್ಷ. ನನಗೆ ಅವನ ದೊಡ್ಡ ಕಾದಂಬರಿಗಳಲ್ಲೂ ಇದಕ್ಕಿಂತ ಹೆಚ್ಚು ನೆನಪಿರುವ ದೃಶ್ಯ ಕಮ್ಮಿ.

ಅದೇ ಕಾದಂಬರಿಯ ಗುಮಾಸ್ತ ಮಕಾರ್‌ಗೆ ಪುಷ್ಕಿನ್‌ನ ಒಂದು ಕಥೆ ಓದಿ ತನ್ನ ಮನಸ್ಸನ್ನೇ ಬರೆದಹಾಗಿದೆ ಅಂತ ಖುಷಿಯಾಗುತ್ತೆ. ಗೊಗೊಲ್‌ನ ‘ಓವರ್‌ಕೋಟ್’ ಓದಿ ಸಿಟ್ಟು ಬರುತ್ತೆ: ಅಲ್ಲಿರೋದೂ ತನ್ನಂಥ ಬಡ ಗುಮಾಸ್ತನೇ, ಆದರೆ ಯಾರೋ ತನ್ನ ಮನೆಗೆ ಇಣುಕಿ ನೋಡಿ ಊರಿಗೆಲ್ಲ ಸಾರಿದಹಾಗಿದೆ ಅಂತ. ಪುಸ್ತಕ ನಮ್ಮ ಬಗ್ಗೆ ಇದ್ದರೆ ಸಾಲದು, ನಮ್ಮ ಮರ್ಯಾದೆಯನ್ನೂ ಉಳಿಸಬೇಕು ಅನ್ನೋದು ಮಕಾರ್‌ನ ತಕರಾರು. ದಾಸ್ತೊಯೆವ್‌ಸ್ಕಿ ಕೊನೆವರೆಗೂ ಬರೆದದ್ದು ಈ ತಕರಾರನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಂತ ನನಗನ್ನಿಸುತ್ತೆ.

ಇನ್ನು ಆ ಸಂಜೆಯ ಓದು. ಪೆತ್ರಾಶೆವ್‌ಸ್ಕಿ ಅನ್ನೋನ ಮನೆಯಲ್ಲಿ ಶುಕ್ರವಾರ ಶುಕ್ರವಾರ ಗೆಳೆಯರು ಸೇರುತ್ತಿದ್ದರು. ಸರ್ಕಾರ ನಿಷೇಧಿಸಿದ ವಿದೇಶಿ ಪುಸ್ತಕಗಳು ಅಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು. ಜೀತಪದ್ಧತಿಯನ್ನು ಸಮರ್ಥಿಸಿ ಬರೆದಿದ್ದ ಗೊಗೊಲ್‌ಗೆ ವಿಮರ್ಶಕ ಬೆಲಿನ್‌ಸ್ಕಿ ಒಂದು ಖಾರವಾದ ಪತ್ರ ಬರೆದಿದ್ದ. ಅದನ್ನು ಅಚ್ಚು ಹಾಕುವಂತಿರಲಿಲ್ಲ, ನಕಲು ಮಾಡಿ ಹಂಚುತ್ತಿದ್ದರು. 1849ರ ಏಪ್ರಿಲ್ 15ರಂದು ದಾಸ್ತೊಯೆವ್‌ಸ್ಕಿ ಆ ಪತ್ರವನ್ನು ಗಟ್ಟಿಯಾಗಿ ಓದಿದ. ಕೇಳುತ್ತಿದ್ದವರಲ್ಲಿ ಒಬ್ಬ ಪೊಲೀಸ್ ಗೂಢಚಾರ. 23ರ ಬೆಳಗಿನ ಜಾವ ಅರೆಸ್ಟ್.

ಕೋಟೆಯ ಸೆರೆಯಲ್ಲಿ ಎಂಟು ತಿಂಗಳು. ಪುಸ್ತಕಕ್ಕೆ ಅನುಮತಿ ಸಿಕ್ಕ ಮೇಲೆ ಅಣ್ಣ ಶೇಕ್ಸ್‌ಪಿಯರ್, ಬೈಬಲ್, ಒಂದಷ್ಟು ಪತ್ರಿಕೆ ಕಳಿಸಿದ. ಡಿಸೆಂಬರ್ 22ರಂದು ಮೈದಾನದಲ್ಲಿ ನಿಲ್ಲಿಸಿ ಮರಣದಂಡನೆ ಓದಿದರು. ಮೂರು ಮೂರು ಜನರ ಗುಂಪು, ಇವನದು ಎರಡನೆಯದು. ಮೊದಲ ಮೂವರನ್ನು ಕಂಬಕ್ಕೆ ಕಟ್ಟಿ ಸಿಪಾಯಿಗಳು ಗುರಿ ಹಿಡಿದ ಮೇಲೆ ತ್ಸಾರ್‌ನ ಕ್ಷಮೆ ಬಂದಿದೆ ಅಂತ ಘೋಷಣೆ ಆಯ್ತು. ಇಡೀ ನಾಟಕ ಮುಂಚೆಯೇ ತಯಾರಾಗಿತ್ತು. ಅಸಲಿ ಶಿಕ್ಷೆ ಸೈಬೀರಿಯಾದಲ್ಲಿ ನಾಲ್ಕು ವರ್ಷ ಕಠಿಣ ದುಡಿಮೆ, ಆಮೇಲೆ ಸಾಮಾನ್ಯ ಸಿಪಾಯಿಯಾಗಿ ಚಾಕರಿ.

ದಾರಿಯಲ್ಲಿ ತೊಬೊಲ್ಸ್ಕ್ ಊರಿನಲ್ಲಿ, ಹಿಂದೊಂದು ಬಂಡಾಯದಲ್ಲಿ ಗಡಿಪಾರಾದವರ ಹೆಂಡತಿಯರು ಕೈದಿಗಳನ್ನು ಬಂದು ನೋಡಿದರು. ಒಬ್ಬೊಬ್ಬರಿಗೂ ಒಂದೊಂದು ಹೊಸ ಒಡಂಬಡಿಕೆ ಕೊಟ್ಟರು. ರಟ್ಟಿನೊಳಗೆ ಹತ್ತು ರೂಬಲ್ ಬಚ್ಚಿಟ್ಟಿತ್ತು. ಓಮ್ಸ್ಕ್ ಜೈಲಿನಲ್ಲಿ ಇಟ್ಟುಕೊಳ್ಳಬಹುದಾಗಿದ್ದ ಪುಸ್ತಕ ಅದೊಂದೇ. ಪುಸ್ತಕದ ಮೇಲೆ ಪುಸ್ತಕ ನುಂಗುತ್ತಿದ್ದವನು ಈಗ ನಾಲ್ಕು ವರ್ಷ ಒಂದೇ ಪುಸ್ತಕವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ. ಆ ಅನುಭವದಿಂದ ಬರೆದ ‘ಸತ್ತವರ ಮನೆ’ಯಲ್ಲಿ ನಿರೂಪಕ ಅದೇ ಪುಸ್ತಕದಿಂದ ಅಲೇಯ್ ಅನ್ನೋ ದಾಗೆಸ್ತಾನದ ಮುಸ್ಲಿಂ ಹುಡುಗನಿಗೆ ರಷ್ಯನ್ ಓದು ಕಲಿಸುತ್ತಾನೆ. ಇನ್ನೊಬ್ಬ ಕೈದಿ ಅವನ ಬೈಬಲ್ ಕದ್ದು, ಮಾರಿ, ಕುಡಿದು, ಸಂಜೆ ತಾನೇ ಬಂದು ವಿಷಯ ತಿಳಿಸುತ್ತಾನೆ! ಅದೇ ಪುಸ್ತಕದ ಕೊನೆಯಲ್ಲಿ, ವರ್ಷಗಳ ನಂತರ ನಿರೂಪಕನ ಕೈಗೆ ಒಂದು ಪತ್ರಿಕೆಯ ಸಂಚಿಕೆ ಸಿಗುತ್ತೆ. ರಾತ್ರಿಯಿಡೀ ಓದುತ್ತಾನೆ. ಗೊತ್ತಿರುವ ಹೆಸರು ಹುಡುಕುತ್ತಾನೆ, ಹೊಸ ಹೆಸರು ಕಂಡರೆ ತಾನು ಎಷ್ಟು ಹಿಂದೆ ಬಿದ್ದೆ ಅಂತ ಕಂಗಾಲಾಗುತ್ತಾನೆ.

1854ರಲ್ಲಿ ಬೇಡಿ ಕಳಚಿದ ಕೂಡಲೇ ಅಣ್ಣನಿಗೆ ಬರೆದ ಪತ್ರಗಳಲ್ಲಿ ದುಡ್ಡಿನ ಜೊತೆ ಪುಸ್ತಕಗಳ ಬೇಡಿಕೆ: ಕುರಾನ್, ಕಾಂಟ್, ಹೆಗೆಲ್, ಪ್ರಾಚೀನ ಇತಿಹಾಸಕಾರರು, ಚರ್ಚ್ ಪಿತೃಗಳು, ಜೊತೆಗೊಂದು ಭೌತಶಾಸ್ತ್ರದ ಪುಸ್ತಕ. ತನ್ನ ಭವಿಷ್ಯವೆಲ್ಲ ಇದರ ಮೇಲೆ ನಿಂತಿದೆ ಅಂತ ಬರೆದಿದ್ದಾನೆ. ಕಾದಂಬರಿ ಬರೆಯಹೊರಟವನು ಕೇಳಿದ ಪಟ್ಟಿ ಇದು.

ಪೀಟರ್ಸ್‌ಬರ್ಗಿಗೆ ವಾಪಸಾದದ್ದು 1859ರ ಕೊನೆಗೆ. ಮುಂದಿನದು ಹೆಚ್ಚಿನವರಿಗೆ ಗೊತ್ತಿರುವ ಭಾಗ: ಮೂರ್ಛೆರೋಗ, ಜೂಜು, ಸಾಲ, ಮಹಾಕಾದಂಬರಿಗಳು. 1866ರಲ್ಲಿ ಪ್ರಕಾಶಕನ ಗಡುವಿಗೆ ಸಿಕ್ಕಿ ‘ಜೂಜುಕೋರ’ವನ್ನು 26 ದಿನದಲ್ಲಿ ಶಾರ್ಟ್‌ಹ್ಯಾಂಡ್ ಬಲ್ಲ ಅನ್ನಾ ಎಂಬ ಯುವತಿಗೆ ಹೇಳಿ ಬರೆಸಿದ, ಮರುವರ್ಷ ಅವಳನ್ನೇ ಮದುವೆಯಾದ. ನಮಗೆ ಇಲ್ಲಿ ಬೇಕಾದದ್ದು ಅನ್ನಾಳ ಇನ್ನೊಂದು ಕೆಲಸ. ಪ್ರಕಾಶಕರನ್ನು ನಂಬಿ ಸಾಕಾಗಿ 1873ರಲ್ಲಿ ಅವಳು ಗಂಡನ ಕಾದಂಬರಿ ‘ಡೀಮನ್ಸ್’ನ 3500 ಪ್ರತಿಗಳನ್ನು ತಾನೇ ಅಚ್ಚು ಹಾಕಿಸಿ ಮನೆಯಿಂದಲೇ ಮಾರಿದಳು. ಪುಸ್ತಕದಂಗಡಿಯ ಆಳುಗಳು ಬಾಗಿಲಿಗೆ ಬಂದು ಕಮಿಷನ್ನಿಗೆ ಚೌಕಾಸಿ ಮಾಡುವಾಗ ರಾತ್ರಿಯೆಲ್ಲ ಬರೆದ ಲೇಖಕ ಒಳಗೆ ಮಲಗಿರುತ್ತಿದ್ದ.

1880ರಲ್ಲಿ ಒಬ್ಬ ತಂದೆ ಮಗಳಿಗೆ ಏನು ಓದಿಸಲಿ ಅಂತ ಕೇಳಿ ಪತ್ರ ಬರೆದ. ಉತ್ತರದಲ್ಲಿ ಮೊದಲು ಬಂದದ್ದು ಕಲ್ಪನೆ ಬೆಳೆಸುವ ವಾಲ್ಟರ್ ಸ್ಕಾಟ್, ಹನ್ನೆರಡರ ರಜೆಯ ಅದೇ ಸ್ಕಾಟ್. ಡಿಕೆನ್ಸ್ ಒಂದನ್ನೂ ಬಿಡದೆ. ಡಾನ್ ಕ್ವಿಕ್ಸೋಟ್. ಪುಷ್ಕಿನ್, ಗೊಗೊಲ್, ಟಾಲ್‌ಸ್ಟಾಯ್ ಪೂರ್ತಿ. ಶೇಕ್ಸ್‌ಪಿಯರ್, ಷಿಲ್ಲರ್, ಗಯಟೆ. ಪತ್ರಿಕೆಗಳನ್ನು ಆದಷ್ಟು ದೂರ ಇಡಿ. ತನ್ನ ಸ್ವಂತ ಪುಸ್ತಕಗಳ ಬಗ್ಗೆ ಮಾತ್ರ ಎಲ್ಲವೂ ಆ ಹುಡುಗಿಗೆ ಹೊಂದುತ್ತವೆ ಅಂತ ಅನಿಸುವುದಿಲ್ಲ ಎಂದ.

ತೊಬೊಲ್ಸ್ಕ್‌ನ ಪುಸ್ತಕ ಕೊನೆವರೆಗೂ ಜೊತೆಗಿತ್ತು. ಅನುಮಾನ ಬಂದಾಗ ಅದನ್ನು ಎಲ್ಲೆಂದರಲ್ಲಿ ತೆರೆದು, ಕಣ್ಣಿಗೆ ಬಿದ್ದ ಸಾಲನ್ನು ಓದುವ ಅಭ್ಯಾಸ ಅವನಿಗಿತ್ತು. 1881ರ ಜನವರಿ 28ರ ಬೆಳಗ್ಗೆ, ಗಂಟಲಿನಿಂದ ರಕ್ತ ಬಂದು ಎರಡು ದಿನವಾಗಿತ್ತು, ಅದನ್ನು ತೆರೆದು ಅನ್ನಾಳಿಗೆ ಓದಲು ಹೇಳಿದ. ತನ್ನನ್ನು ತಡೆಯಬೇಡ ಎನ್ನುವ ಅರ್ಥದ ಮಾತು ಬಂತು. ಹಾಗಾದರೆ ಇವತ್ತು ಹೋಗುತ್ತೇನೆ ಅಂತ ಅವಳಿಗೆ ಹೇಳಿದ. ಸಂಜೆ ತೀರಿಕೊಂಡ. ಅದಕ್ಕೂ ಮುಂಚೆ ಆ ಪುಸ್ತಕವನ್ನು ಮಗ ಫೇದ್ಯಾಗೆ ಕೊಡಿಸಿದ್ದ. ಹುಡುಗನಿಗೆ ಆಗ 9 ವರ್ಷ.