ಥಾಮಸ್ ಕ್ರಾನ್ಮರ್

ಥಾಮಸ್ ಕ್ರಾನ್ಮರ್ (ಜುಲೈ 2, 1489 – ಮಾರ್ಚ್ 21, 1556) ಇಂಗ್ಲೆಂಡಿನ ಧರ್ಮಸುಧಾರಣೆಯ ಪ್ರಮುಖ ನಾಯಕರಲ್ಲಿ ಒಬ್ಬರು ಹಾಗೂ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದವರು. ಆಂಗ್ಲಿಕನ್ ಸಭೆಯ ಆರಾಧನಾ ಗ್ರಂಥವಾದ 'ಬುಕ್ ಆಫ್ ಕಾಮನ್ ಪ್ರೇಯರ್'ನ ಮೊದಲ ಎರಡು ಆವೃತ್ತಿಗಳು ಇವರ ನೇತೃತ್ವದಲ್ಲಿ ಸಿದ್ಧವಾದವು. ಕ್ರೈಸ್ತ ಆರಾಧನೆಯಲ್ಲಿ ಪರಂಪರಾಗತ ವಿಧಿಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು ಎಂಬುದು ಇವರ ಕಾರ್ಯದ ಕೇಂದ್ರ ಪ್ರಶ್ನೆಯಾಗಿತ್ತು.

ಆರಂಭಿಕ ಜೀವನ

ಕ್ರಾನ್ಮರ್ ನಾಟಿಂಗ್‌ಹ್ಯಾಮ್‌ಶೈರಿನ ಆಸ್ಲಾಕ್ಟನ್ ಎಂಬ ಹಳ್ಳಿಯಲ್ಲಿ ಜನಿಸಿದರು. ಕೇಂಬ್ರಿಡ್ಜಿನ ಜೀಸಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ಅಲ್ಲಿಯೇ ಫೆಲೋ ಆದರು. ವಿವಾಹವಾದ ಕಾರಣ ಆ ಸ್ಥಾನವನ್ನು ಕಳೆದುಕೊಂಡರು. ಪತ್ನಿ ಹೆರಿಗೆಯಲ್ಲಿ ಮೃತಪಟ್ಟ ಬಳಿಕ ಕಾಲೇಜು ಅವರನ್ನು ಮರಳಿ ಸೇರಿಸಿಕೊಂಡಿತು. ಅನಂತರ ಅವರು ಪಾದ್ರಿಯಾಗಿ ದೀಕ್ಷೆ ಪಡೆದರು. 1532ರಲ್ಲಿ ರಾಜ ಎಂಟನೆಯ ಹೆನ್ರಿಯ ರಾಯಭಾರಿಯಾಗಿ ಜರ್ಮನಿಗೆ ತೆರಳಿದಾಗ ನ್ಯೂರೆಂಬರ್ಗಿನಲ್ಲಿ ಲೂಥರನ್ ಸಭೆಗಳ ಆರಾಧನೆಯನ್ನು ಹತ್ತಿರದಿಂದ ಕಂಡರು. 1533ರಲ್ಲಿ ಆರ್ಚ್‌ಬಿಷಪ್ ಆಗಿ, ಅದೇ ವರ್ಷ ಹೆನ್ರಿ ಹಾಗೂ ಕ್ಯಾಥರೀನ್ ಅವರ ವಿವಾಹವನ್ನು ಅಸಿಂಧುವೆಂದು ಘೋಷಿಸಿದರು.

ಆರಾಧನೆಯ ಸುಧಾರಣೆ

ರೋಮಿನಿಂದ ಬೇರ್ಪಟ್ಟ ನಂತರವೂ ಹೆನ್ರಿಯ ಕಾಲದಲ್ಲಿ ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿಯೇ ನಡೆಯುತ್ತಿತ್ತು. 1544ರಲ್ಲಿ ಕ್ರಾನ್ಮರ್ ಸಾಮೂಹಿಕ ವಿಜ್ಞಾಪನೆಗಳ ಪ್ರಾರ್ಥನೆಯಾದ 'ಲಿಟನಿ'ಯನ್ನು ಇಂಗ್ಲಿಷಿನಲ್ಲಿ ರಚಿಸಿದರು. ಆರನೆಯ ಎಡ್ವರ್ಡ್ ಪಟ್ಟಕ್ಕೆ ಬಂದ ಮೇಲೆ, 1549ರಲ್ಲಿ, ಪ್ರಾರ್ಥನಾ ಪುಸ್ತಕದ ಮೊದಲ ಆವೃತ್ತಿ ಜಾರಿಗೆ ಬಂದಿತು. ದಿನದ ಹಲವು ಜಾವಗಳಲ್ಲಿ ನಡೆಯುತ್ತಿದ್ದ ಪ್ರಾರ್ಥನೆಗಳನ್ನು ಪ್ರಾತಃಕಾಲದ ಮತ್ತು ಸಾಯಂಕಾಲದ ಎರಡು ಆರಾಧನೆಗಳಾಗಿ ಸಂಗ್ರಹಿಸಲಾಯಿತು. ತಿಂಗಳಿಗೊಮ್ಮೆ ಕೀರ್ತನೆಗಳೆಲ್ಲವೂ ಪಠಣವಾಗುವಂತೆ ಕ್ರಮ ಮಾಡಲಾಯಿತು.

ಈ ಗ್ರಂಥದಲ್ಲಿ ವಿಧಿಗಳ ಕುರಿತು ಪ್ರತ್ಯೇಕ ಪ್ರಬಂಧವೊಂದಿದ್ದು, ಅದು ಕ್ರಾನ್ಮರ್ ಅವರದೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಮನುಷ್ಯರು ಏರ್ಪಡಿಸಿದ ವಿಧಿಗಳನ್ನು ಬದಲಿಸಬಹುದು. ಮೂಢನಂಬಿಕೆಗೆ ಎಡೆಮಾಡಿದವನ್ನು ತೆಗೆದುಹಾಕಬೇಕು. ಆದರೆ ವಿಧಿಗಳಿಲ್ಲದೆ ಆರಾಧನೆಯಲ್ಲಿ ಕ್ರಮವಿರದು, ಹಳೆಯದೆಂಬ ಕಾರಣಕ್ಕಷ್ಟೇ ಒಂದನ್ನು ತಿರಸ್ಕರಿಸಬಾರದು ಎಂಬುದು ಅದರ ನಿಲುವು.

ವಿರೋಧ

ಹೊಸ ಕ್ರಮದ ವಿರುದ್ಧ 1549ರಲ್ಲಿಯೇ ಡೆವನ್ ಮತ್ತು ಕಾರ್ನ್‌ವಾಲ್ ಪ್ರಾಂತ್ಯಗಳಲ್ಲಿ ದಂಗೆ ಎದ್ದಿತು. ಲ್ಯಾಟಿನ್ ಬಲಿಪೂಜೆಯೂ ಬೂದಿ ಮತ್ತು ಗರಿಗಳ ಆಚರಣೆಗಳೂ ಮರಳಬೇಕೆಂದು ಜನರು ಬೇಡಿಕೆಯಿಟ್ಟರು. ಕಾರ್ನಿಷ್ ಭಾಷಿಕರಲ್ಲಿ ಹಲವರಿಗೆ ಇಂಗ್ಲಿಷ್ ತಿಳಿದಿರಲಿಲ್ಲ. ಅವರಲ್ಲಿ ಲ್ಯಾಟಿನ್ ಬಲ್ಲವರು ಇನ್ನೂ ವಿರಳವೆಂದು ಕ್ರಾನ್ಮರ್ ಲಿಖಿತವಾಗಿ ಉತ್ತರಿಸಿದರು. ಆದರೆ ಜನರಿಗೆ ತಿಳಿಯುವ ಭಾಷೆಯಲ್ಲಿ ಆರಾಧನೆ ಎಂಬ ತತ್ತ್ವವು ಕಾರ್ನಿಷ್ ಭಾಷೆಗೆ ಅನ್ವಯವಾಗಲಿಲ್ಲ. ಸೈನ್ಯವು ದಂಗೆಯನ್ನು ಅಡಗಿಸಿದಾಗ ಸಾವಿರಾರು ಮಂದಿ ಹತರಾದರು.

ಇನ್ನೊಂದೆಡೆ, ಸುಧಾರಣೆ ಸಾಲದೆಂಬ ಆಕ್ಷೇಪವೂ ಇತ್ತು. 1552ರ ಎರಡನೆಯ ಆವೃತ್ತಿಯಲ್ಲಿ ಬಲಿಪೀಠದ ಸ್ಥಾನಕ್ಕೆ ಮೇಜು ಬಂದಿತು. ಮೃತರಿಗಾಗಿ ಮಾಡುವ ಪ್ರಾರ್ಥನೆಯನ್ನು ಬಿಡಲಾಯಿತು. ಪ್ರಭುಭೋಜನವನ್ನು ಮೊಣಕಾಲೂರಿ ಸ್ವೀಕರಿಸುವ ಪದ್ಧತಿಯನ್ನು ಜಾನ್ ನಾಕ್ಸ್ ವಿರೋಧಿಸಿದಾಗ ಕ್ರಾನ್ಮರ್ ಅದನ್ನು ಸಮರ್ಥಿಸಿದರು. ಪದ್ಧತಿ ಉಳಿಯಿತು; ಅದು ರೊಟ್ಟಿ ಹಾಗೂ ದ್ರಾಕ್ಷಾರಸಗಳ ಪೂಜೆಯಲ್ಲವೆಂಬ ವಿವರಣೆಯನ್ನು ಗ್ರಂಥಕ್ಕೆ ಸೇರಿಸಲಾಯಿತು.

ಬಂಧನ ಮತ್ತು ಮರಣ

1553ರಲ್ಲಿ ಎಡ್ವರ್ಡ್ ತೀರಿಕೊಂಡು ಕ್ಯಾಥೊಲಿಕ್ ರಾಣಿ ಮೇರಿ ಪಟ್ಟವೇರಿದಾಗ ಲ್ಯಾಟಿನ್ ಬಲಿಪೂಜೆ ಮರಳಿತು. ಕ್ರಾನ್ಮರ್ ಸೆರೆಯಾದರು. ದೀರ್ಘ ಸೆರೆವಾಸದ ಕೊನೆಯಲ್ಲಿ, ತಮ್ಮ ಬೋಧನೆಗಳನ್ನು ನಿರಾಕರಿಸುವ ಹಲವು ಪತ್ರಗಳಿಗೆ ಅವರು ಸಹಿ ಹಾಕಿದರು. ಆದರೂ ಮರಣದಂಡನೆ ತಪ್ಪಲಿಲ್ಲ. 1556ರ ಮಾರ್ಚ್ 21ರಂದು ಆಕ್ಸ್‌ಫರ್ಡಿನಲ್ಲಿ ಜನರೆದುರು ಆ ನಿರಾಕರಣೆಗಳನ್ನು ಹಿಂದೆಗೆದುಕೊಂಡು, ಸಹಿ ಹಾಕಿದ ಬಲಗೈಯನ್ನು ಮೊದಲು ಬೆಂಕಿಗೆ ಒಡ್ಡಿ ಪ್ರಾಣಬಿಟ್ಟರು.

ಪ್ರಭಾವ

ಮೊದಲನೆಯ ಎಲಿಜಬೆತ್ 1559ರಲ್ಲಿ ಪ್ರಾರ್ಥನಾ ಪುಸ್ತಕವನ್ನು ಕೆಲವು ಬದಲಾವಣೆಗಳೊಂದಿಗೆ ಪುನಃ ಜಾರಿಗೆ ತಂದರು. 1662ರ ಪರಿಷ್ಕೃತ ರೂಪ ಇಂಗ್ಲೆಂಡಿನಲ್ಲಿ ಇಂದಿಗೂ ಅಧಿಕೃತವಾಗಿದೆ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಹಾಗೂ ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ, ಈ ಆರಾಧನಾ ಪರಂಪರೆಯೂ ಅದರ ಒಂದು ಮೂಲವಾಯಿತು. ಆಂಗ್ಲಿಕನ್ ದೇವಾಲಯವಾಗಿ ಆರಂಭವಾದ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಈಗ ಈ ಸಭೆಗೆ ಸೇರಿದೆ.