ಮಳೆಯಲ್ಲಿ ಗೆದ್ದ ರೈತ

ಮಳೆಯಿಂದಾಗಿ ಕಾರ್ ರೇಸ್ ನಿಂತಿತೆಂದರೆ ಅಭಿಮಾನಿಗಳಲ್ಲಿ ಎರಡು ಪಕ್ಷಗಳಾಗುತ್ತವೆ. ಈಗಿನ ಚಾಲಕರಿಗೆ ಮಳೆಯಲ್ಲಿ ಓಡಿಸುವ ಎದೆಗಾರಿಕೆ ಇಲ್ಲ, ಹಿಂದಿನವರೇ ಗಂಡುಗಲಿಗಳು ಎಂಬುದು ಒಂದು ಪಕ್ಷದ ವಾದ. ಆಟಕ್ಕಾಗಿ ಜೀವ ಕೊಡಬೇಕೇ ಎಂಬುದು ಇನ್ನೊಂದು ಪಕ್ಷದ ಪ್ರಶ್ನೆ. 2021ರ ಆಗಸ್ಟ್ 29ರಂದು ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನಲ್ಲಿ 44 ಸುತ್ತು ನಡೆಯಬೇಕಿದ್ದ ಫಾರ್ಮುಲಾ ಒನ್ ರೇಸ್, ಗಂಟೆಗಟ್ಟಲೆ ಕಾದ ಮೇಲೂ ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಸಾಗಿ ಮುಗಿಯಿತು. ಅಂಕಗಳನ್ನು ಅರ್ಧ ಕೊಟ್ಟು ಕಳಿಸಿದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯಿಂದ ಬಂದು ಎಂಜಿನಿಯರಿಂಗ್ ಓದುತ್ತಾ ಮೊಬೈಲ್‌ನಲ್ಲಿ ರೇಸ್ ನೋಡುವ ನಮ್ಮಂಥವರ ನಡುವೆಯೂ ಈ ವಾದ ಇನ್ನೂ ಮುಗಿದಿಲ್ಲ.

ಹಿಂದಿನವರ ಧೈರ್ಯದ ಮಾತು ಬಂದಾಗ ತಪ್ಪದೇ ಬರುವ ಹೆಸರು ಜಿಮ್ ಕ್ಲಾರ್ಕ್. ಆದರೆ ಆತನ ಬದುಕನ್ನು ಕೊನೆಯವರೆಗೆ ಓದಿದರೆ, ಮೊದಲ ಪಕ್ಷದವರು ತಮ್ಮ ಮಾತನ್ನು ಇನ್ನೊಮ್ಮೆ ಯೋಚಿಸಬೇಕಾಗುತ್ತದೆ.

ಕ್ಲಾರ್ಕ್ ಹುಟ್ಟಿದ್ದು 1936ರ ಮಾರ್ಚ್ 4ರಂದು, ಸ್ಕಾಟ್ಲೆಂಡಿನ ಒಂದು ರೈತ ಕುಟುಂಬದಲ್ಲಿ. ನಾಲ್ವರು ಅಕ್ಕಂದಿರ ಬೆನ್ನಿಗೆ ಹುಟ್ಟಿದ ಒಬ್ಬನೇ ಮಗ. ಆತ ಚಿಕ್ಕವನಿದ್ದಾಗಲೇ ಕುಟುಂಬವು ಚರ್ನ್‌ಸೈಡ್ ಎಂಬ ಹಳ್ಳಿಯ ಬಳಿಯ ದೊಡ್ಡ ಜಮೀನಿಗೆ ಬಂದು ನೆಲೆಸಿತು. ಸಾವಿರಕ್ಕೂ ಹೆಚ್ಚು ಎಕರೆ ಹೊಲ, ಕುರಿ, ದನಕರು ಇದ್ದ ಮನೆ. ಮನೆಯ ಹಿರಿಯರು ತೀರಿಕೊಂಡು ದುಡಿಯುವ ಕೈ ಕಡಿಮೆಯಾದಾಗ, 16ನೇ ವಯಸ್ಸಿಗೆ ಶಾಲೆ ಬಿಡಿಸಿ ಹೊಲದ ಕೆಲಸಕ್ಕೆ ಹಚ್ಚಿದರು. ಮಗ ಜಮೀನು ನೋಡಿಕೊಂಡು ಇರಲಿ ಎಂಬುದು ತಂದೆ ತಾಯಿಯ ಆಸೆ. ರೇಸಿಗೆ ಅವರ ಒಪ್ಪಿಗೆ ಇರಲಿಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನಡೆಯುವ ಕಥೆಯೇ ಇದು.

1956ರಲ್ಲಿ ಗೆಳೆಯನೊಬ್ಬನ ಕಾರಿನಲ್ಲಿ ಕ್ಲಾರ್ಕ್ ಮೊದಲ ರೇಸ್ ಓಡಿಸಿದ. ಎರಡೇ ವರ್ಷದಲ್ಲಿ ಲೋಟಸ್ ಕಾರುಗಳನ್ನು ಕಟ್ಟುತ್ತಿದ್ದ ಎಂಜಿನಿಯರ್ ಕಾಲಿನ್ ಚಾಪ್‌ಮನ್ ಕಣ್ಣಿಗೆ ಬಿದ್ದ. 1960ರಲ್ಲಿ ಅದೇ ಲೋಟಸ್ ತಂಡದಿಂದ ಫಾರ್ಮುಲಾ ಒನ್‌ಗೆ ಇಳಿದ. ಮುಂದೆ ಸಾಯುವವರೆಗೂ ಆ ಫಾರ್ಮುಲಾ ಒನ್ ತಂಡವನ್ನು ಬಿಡಲಿಲ್ಲ.

ಈ ಪಯಣದ ಉದ್ದಕ್ಕೂ ಸಾವು ಆತನ ಪಕ್ಕದಲ್ಲೇ ಇತ್ತು. 1958ರಲ್ಲಿ ಮೊದಲ ಸಲ ಸ್ಪಾ ಟ್ರ್ಯಾಕಿಗೆ ಹೋದಾಗ, ಅದೇ ರೇಸಿನಲ್ಲಿ ಆರ್ಚಿ ಸ್ಕಾಟ್ ಬ್ರೌನ್ ಎಂಬ ಚಾಲಕ ಒದ್ದೆ ರಸ್ತೆಯಲ್ಲಿ ಹತೋಟಿ ತಪ್ಪಿ ಪ್ರಾಣ ಕಳೆದುಕೊಂಡ. 1960ರಲ್ಲಿ ಅದೇ ಸ್ಪಾದಲ್ಲಿ ಒಂದೇ ದಿನ ಇಬ್ಬರು ಯುವ ಚಾಲಕರು ಸತ್ತರು. ಅವರಲ್ಲಿ ಅಲನ್ ಸ್ಟೇಸಿ ಕ್ಲಾರ್ಕ್‌ನ ತಂಡದವನೇ. 1961ರಲ್ಲಿ ಇಟಲಿಯ ಮೊಂಜಾದಲ್ಲಿ ಕ್ಲಾರ್ಕ್‌ನ ಕಾರಿಗೆ ತಾಗಿದ ಫೆರಾರಿ ಜನರ ಮೇಲೆ ಹಾರಿ, ಚಾಲಕ ಫಾನ್ ಟ್ರಿಪ್ಸ್ ಜೊತೆ ಹತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಸ್ಪಾ ಎಂದರೆ ಕ್ಲಾರ್ಕ್‌ಗೆ ಕೊನೆಯವರೆಗೂ ಆಗಿಬರಲಿಲ್ಲ. ಆ ದ್ವೇಷವನ್ನು ಆತ ಮುಚ್ಚಿಡಲೂ ಇಲ್ಲ.

ಆದರೂ ಅಲ್ಲಿ 1962ರಿಂದ 1965ರವರೆಗೆ ಸತತ ನಾಲ್ಕು ವರ್ಷ ಗೆದ್ದ. ಅವುಗಳಲ್ಲಿ 1963ರ ಗೆಲುವಿನ ಕಥೆಯನ್ನು ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ಆಗಿನ ಸ್ಪಾ ಟ್ರ್ಯಾಕ್ ಹಳ್ಳಿಗಳ ನಡುವೆ ಹಾದುಹೋಗುವ 14 ಕಿ.ಮೀ. ಸಾರ್ವಜನಿಕ ರಸ್ತೆ. ಪಕ್ಕದಲ್ಲಿ ಮನೆ, ಮರ, ಕಂಬ. ಅಂಥ ರಸ್ತೆಯಲ್ಲಿ 32 ಸುತ್ತು. ಎಂಟನೇ ಸ್ಥಾನದಿಂದ ಹೊರಟ ಕ್ಲಾರ್ಕ್ ಶುರುವಿನಲ್ಲೇ ಮುಂದೆ ಬಂದ. ಮಧ್ಯದಲ್ಲಿ ಟಾಪ್ ಗೇರ್ ತಾನಾಗಿ ಕಳಚಿಕೊಳ್ಳತೊಡಗಿತು. ಒಂದು ಕೈಯಲ್ಲಿ ಗೇರ್ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತ ಓಡಿಸಿದ. ಆಮೇಲೆ ಧಾರಾಕಾರ ಮಳೆ ಸುರಿಯಿತು. ಎರಡನೆಯವನಾಗಿ ಬಂದ ಬ್ರೂಸ್ ಮೆಕ್‌ಲಾರೆನ್‌ಗೂ ಆತನಿಗೂ ನಡುವೆ ಇದ್ದ ಅಂತರ 4 ನಿಮಿಷ 54 ಸೆಕೆಂಡ್! ಉಳಿದವರೆಲ್ಲ ಒಂದು ಸುತ್ತಿಗೂ ಹೆಚ್ಚು ಹಿಂದಿದ್ದರು.

ಇದು ಸಾಧ್ಯವಾದದ್ದು ಹುಂಬತನದಿಂದಲ್ಲ. ಟೈರಿಗೂ ರಸ್ತೆಗೂ ನಡುವೆ ನೀರು ಸೇರಿದರೆ ಹಿಡಿತ ಕಡಿಮೆಯಾಗುತ್ತದೆ. ವೇಗ ಹೆಚ್ಚಿದ್ದು ನೀರು ಪಕ್ಕಕ್ಕೆ ಸರಿಯಲು ಸಮಯ ಸಿಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕೂ ಕೇಳುವುದಿಲ್ಲ, ಸ್ಟೀರಿಂಗೂ ಕೇಳುವುದಿಲ್ಲ. ಅಂಥಲ್ಲಿ ಒಮ್ಮೆಲೇ ಬ್ರೇಕ್ ಒತ್ತುವುದು, ಒಮ್ಮೆಲೇ ತಿರುಗಿಸುವುದು, ಒಮ್ಮೆಲೇ ಆಕ್ಸಿಲರೇಟರ್ ಕೊಡುವುದು ಮೂರೂ ಅಪಾಯ. ಕ್ಲಾರ್ಕ್ ಓಡಿಸುತ್ತಿದ್ದ ರೀತಿಯೇ ಬೇರೆ. ಕಾರಿಗೆ ಜರ್ಕ್ ಕೊಡುತ್ತಿರಲಿಲ್ಲ. ಬ್ರೇಕನ್ನು ಹಗುರವಾಗಿ ಒತ್ತಿ, ನಿಧಾನವಾಗಿ ಬಿಡುತ್ತಿದ್ದ. ಹಸಿ ಎರಿ ಹೊಲದಿಂದ ಚಕ್ಕಡಿ ಹೊರಗೆ ತರುವ ಅನುಭವಿ ರೈತ ಎತ್ತುಗಳನ್ನು ಬಡಿದು ಗಾಬರಿಪಡಿಸುವುದಿಲ್ಲವಲ್ಲ, ಹಾಗೆ.

ಸೋಲೂ ಆತನಿಗೆ ಹೊಸದಲ್ಲ. 1962ರಲ್ಲಿ ವಿಶ್ವ ಚಾಂಪಿಯನ್ ಪಟ್ಟ ಕೊನೆಯ ರೇಸಿನಲ್ಲಿ ಕೈತಪ್ಪಿತು. ಆತ ಮುಂದಿದ್ದಾಗಲೇ ಒಂದು ಬೋಲ್ಟ್ ಸಡಿಲವಾಗಿ ಆಯಿಲ್ ಸೋರಿತು. 1964ರಲ್ಲೂ ಕೊನೆಯ ರೇಸಿನ ಕೊನೆಗೆ ಮತ್ತೆ ಆಯಿಲ್ ಸೋರಿ ಪಟ್ಟ ಹೋಯಿತು. ಆದರೆ 1963ರಲ್ಲಿ ಹತ್ತು ರೇಸುಗಳಲ್ಲಿ ಏಳನ್ನು ಗೆದ್ದು ಚಾಂಪಿಯನ್ ಆದ. 1965ರಲ್ಲಿ ಎರಡನೇ ಸಲ ಚಾಂಪಿಯನ್ ಆದದ್ದಲ್ಲದೆ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸನ್ನೂ ಗೆದ್ದ. ಎಂಜಿನ್ ಚಾಲಕನ ಹಿಂದೆ ಇರುವ ಕಾರು ಆ ರೇಸ್ ಗೆದ್ದದ್ದು ಅದೇ ಮೊದಲು. 72 ಗ್ರ್ಯಾಂಡ್ ಪ್ರಿಗಳಲ್ಲಿ 25 ಗೆಲುವು, 33 ಸಲ ಮೊದಲ ಸ್ಥಾನದಿಂದ ಆರಂಭ. ಆ ಕಾಲಕ್ಕೆ ಎರಡೂ ದಾಖಲೆ.

1968ರ ಏಪ್ರಿಲ್ 7ರಂದು ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಫಾರ್ಮುಲಾ ಟು ರೇಸ್ ಇತ್ತು. ದೊಡ್ಡ ಪ್ರಶಸ್ತಿಯೇನಲ್ಲ. ಮಳೆಯ ದಿನ, ಒದ್ದೆ ರಸ್ತೆ. ಐದನೇ ಸುತ್ತಿನಲ್ಲಿ ಕ್ಲಾರ್ಕ್‌ನ ಕಾರು ಒಂಟಿಯಾಗಿ ಹೋಗುತ್ತಿದ್ದಾಗ ರಸ್ತೆ ಬಿಟ್ಟು ಮರಗಳಿಗೆ ಅಪ್ಪಳಿಸಿತು. ಹಿಂದಿನ ಟೈರಿನ ಗಾಳಿ ಇಳಿದಿರಬೇಕು ಎಂಬುದು ತಿಳಿದವರ ಊಹೆ. ರಸ್ತೆಗೂ ಮರಗಳಿಗೂ ನಡುವೆ ಒಂದು ತಡೆಬೇಲಿಯೂ ಇರಲಿಲ್ಲ. ಆತನ ವಯಸ್ಸು 32. ಇಷ್ಟು ನಾಜೂಕಾಗಿ ಓಡಿಸುವ ಕ್ಲಾರ್ಕ್‌ಗೇ ಹೀಗಾದರೆ ತಮ್ಮ ಗತಿಯೇನು ಎಂಬ ಭಯ ಉಳಿದ ಚಾಲಕರನ್ನು ಹೊಕ್ಕಿತು.

ಆ ಭಯದಿಂದ ಒಳ್ಳೆಯದೇ ಆಯಿತು. ಕ್ಲಾರ್ಕ್‌ನ ಗೆಳೆಯ ಜಾಕಿ ಸ್ಟೀವರ್ಟ್ 1966ರಲ್ಲಿ ಸ್ಪಾದ ಮಳೆಯಲ್ಲಿ ಅಪಘಾತಕ್ಕೀಡಾಗಿ, ಪೆಟ್ರೋಲಿನಲ್ಲಿ ತೊಯ್ದು ಕಾರಿನೊಳಗೆ ಸಿಕ್ಕಿಬಿದ್ದಿದ್ದ. ಬಿಡಿಸಲು ಬೇಕಾದ ಪಾನಾವನ್ನು ಪ್ರೇಕ್ಷಕನೊಬ್ಬನಿಂದ ತರಬೇಕಾಯಿತು! ಅಂದಿನಿಂದ ಸುರಕ್ಷತೆಗಾಗಿ ಹೋರಾಡುತ್ತಿದ್ದ ಆತನನ್ನು ಹೇಡಿ ಎಂದವರಿದ್ದರು. ಕ್ಲಾರ್ಕ್ ಸತ್ತ ಮೇಲೆ ಆ ಹೋರಾಟಕ್ಕೆ ಬಲ ಬಂತು. 1969ರಲ್ಲಿ ಚಾಲಕರು ಒಗ್ಗಟ್ಟಾಗಿ ಒಲ್ಲೆ ಎಂದದ್ದರಿಂದ ಸ್ಪಾ ರೇಸ್ ರದ್ದಾಯಿತು. ಹಾಕನ್‌ಹೈಮ್‌ನಲ್ಲಿ ತಡೆಬೇಲಿ ಬಂತು. ಇಷ್ಟಾದರೂ 2014ರಲ್ಲಿ ಜಪಾನಿನ ಸುಜುಕಾದ ಮಳೆಯಲ್ಲಿ ಗಾಯಗೊಂಡ ಜೂಲ್ಸ್ ಬಿಯಾಂಕಿ ಮರುವರ್ಷ ತೀರಿಕೊಂಡ. 2021ರಲ್ಲಿ ಸ್ಪಾ ರೇಸ್ ನಿಲ್ಲಿಸಿದವರ ಮುಂದೆ ಈ ಎಲ್ಲ ಹೆಸರುಗಳೂ ಇದ್ದವು. ಟಿಕೆಟ್ ಕೊಂಡು ಮಳೆಯಲ್ಲಿ ನೆನೆದವರ ಸಿಟ್ಟು ನ್ಯಾಯವೇ. ಆದರೆ ಆ ಸಿಟ್ಟಿನಲ್ಲಿ ಚಾಲಕರನ್ನು ಹೇಡಿಗಳೆನ್ನುವುದು ನ್ಯಾಯವಲ್ಲ.

ಮುಂಗಾರಿನಲ್ಲಿ ಬೈಲಹೊಂಗಲದಿಂದ ಸವದತ್ತಿಗೋ ರಾಮದುರ್ಗಕ್ಕೋ ಬೈಕಿನಲ್ಲಿ ಹೋಗುವವರಿಗೆ ಇದು ದೂರದ ಮಾತಲ್ಲ. ಹೊಲದಿಂದ ಬಂದ ಟ್ರ್ಯಾಕ್ಟರ್ ಡಾಂಬರು ರಸ್ತೆಯ ಮೇಲೆ ಎರಿ ಮಣ್ಣು ಬಿಟ್ಟುಹೋಗಿರುತ್ತದೆ. ಮೇಲೆ ಒಂದು ಮಳೆ ಬಿದ್ದರೆ ಸಾಕು, ಬ್ರೇಕ್ ಹಿಡಿದದ್ದೇ ತಡ ಬೈಕ್ ಜಾರುತ್ತದೆ. ಅಲ್ಲಿ ಸೇಫ್ಟಿ ಕಾರ್ ಇಲ್ಲ, ರೇಸ್ ನಿಲ್ಲಿಸುವ ಅಧಿಕಾರಿಯೂ ಇಲ್ಲ. ಸಂದರ್ಶನಕ್ಕೆ ತಡವಾಯಿತೆಂದು, ಪರೀಕ್ಷೆಗೆ ಹೊತ್ತಾಯಿತೆಂದು ಗಾಡಿ ಓಡಿಸುವ ನಾವೇ ವೇಗ ತಗ್ಗಿಸಬೇಕು, ಬೇಕಾದರೆ ನಿಲ್ಲಬೇಕು. ಹಾಗೆ ನಿಂತವನನ್ನು ನೋಡಿ ನಗದಿರುವುದನ್ನು ಗೆಳೆಯರೂ ಕಲಿಯಬೇಕು.

ಚರ್ನ್‌ಸೈಡ್‌ನಲ್ಲಿರುವ ಕ್ಲಾರ್ಕ್‌ನ ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಕೆಳಗೆ ಮೊದಲು ಬರೆದಿರುವುದು ರೈತ ಎಂದು. ಎರಡು ಸಲ ವಿಶ್ವ ಚಾಂಪಿಯನ್ ಆದ ಮಾತು ಬರುವುದು ಅದರ ನಂತರ. ಆತ ರೇಸಿನ ನಡುವೆಯೂ ಜಮೀನಿಗೆ ಮರಳುತ್ತಿದ್ದ. ಆ ಏಪ್ರಿಲ್ ಭಾನುವಾರದ ನಂತರ ಮರಳಲಾಗಲಿಲ್ಲ.