ಟಂಕಸಾಲೆಯಲ್ಲಿ ನ್ಯೂಟನ್

ಶಾಸ್ತ್ರಸಂಶೋಧನೆಯಲ್ಲಿ ಹೆಸರಾದವನೊಬ್ಬನು ಅದನ್ನು ಬಿಟ್ಟು ಆಡಳಿತದ ಅಧಿಕಾರವನ್ನು ವಹಿಸಿದರೆ, ವಿದ್ಯೆಗೆ ನಷ್ಟವಾಯಿತೆಂದು ಮರುಗುವವರು ಕೆಲವರು. ವಿದ್ವಾಂಸನಿಗೆ ಲೋಕವ್ಯವಹಾರವೇನು ತಿಳಿದೀತೆಂದು ಮೂಗು ಮುರಿಯುವವರು ಮತ್ತೆ ಕೆಲವರು. ಈ ಎರಡು ಮಾತುಗಳನ್ನೂ ಒರೆಗೆ ಹಚ್ಚಿ ನೋಡಲು ಸರ್ ಐಸಾಕ್ ನ್ಯೂಟನನ ಚರಿತ್ರೆಗಿಂತ ಉತ್ತಮವಾದ ನಿದರ್ಶನವು ನಮಗೆ ತೋರದು. ಸೇಬಿನ ಹಣ್ಣಿನ ಕಥೆಯನ್ನು ಶಾಲೆಯ ಬಾಲಕರೂ ಬಲ್ಲರು. ಆದರೆ ಅವನು ತನ್ನ ಆಯುಸ್ಸಿನ ಕೊನೆಯ ಮೂವತ್ತು ವರ್ಷಗಳನ್ನು ಲಂಡನ್ನಿನ ಟಂಕಸಾಲೆಯ ಅಧಿಕಾರಿಯಾಗಿ ಕಳೆದನೆಂಬುದನ್ನು ಬಲ್ಲವರು ವಿರಳ.

ನ್ಯೂಟನನು ಅಂದಿನ ಇಂಗ್ಲಿಷ್ ಪಂಚಾಂಗದ ಪ್ರಕಾರ 1642ನೆಯ ಇಸವಿ ಡಿಸೆಂಬರ್ 25ರಂದು ವೂಲ್ಸ್‌ಥಾರ್ಪ್ ಗ್ರಾಮದಲ್ಲಿ ಜನಿಸಿದನು. ಅವನು ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದನು. 1661ರಲ್ಲಿ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿ, 1669ರಲ್ಲಿ, ಇಪ್ಪತ್ತಾರನೆಯ ವಯಸ್ಸಿಗೇ, ಗಣಿತದ ಪ್ರಾಧ್ಯಾಪಕನಾದನು. 1687ರಲ್ಲಿ ಪ್ರಕಟವಾದ ಅವನ ಪ್ರಿನ್ಸಿಪಿಯ ಗ್ರಂಥವು ಗ್ರಹಗಳ ಗತಿಯನ್ನೂ ಭೂಮಿಯ ಮೇಲೆ ಬೀಳುವ ವಸ್ತುವಿನ ಗತಿಯನ್ನೂ ಒಂದೇ ನಿಯಮಕ್ಕೆ ಒಳಪಡಿಸಿತು. ಆದರೆ ಈ ಮಹಾಶ್ರಮದ ತರುವಾಯ ಅವನ ಮನಸ್ಸು ಬಳಲಿತು; 1693ರಲ್ಲಿ ಚಿತ್ತಸ್ವಾಸ್ಥ್ಯವೇ ಕೆಲಕಾಲ ಕೆಟ್ಟಿತು. 1696ರಲ್ಲಿ ಬೊಕ್ಕಸದ ಮಂತ್ರಿಯಾಗಿದ್ದ ಚಾರ್ಲ್ಸ್ ಮಾಂಟೆಗ್ಯು ಎಂಬ ಮಿತ್ರನು ಅವನಿಗೆ ಟಂಕಸಾಲೆಯ ವಾರ್ಡನ್ ಪದವಿಯನ್ನು ಕೊಡಿಸಿದನು.

ಆ ಪದವಿಯು ಸಂಬಳ ಹೆಚ್ಚು, ಕೆಲಸ ಕಡಿಮೆ ಎಂಬ ಬಗೆಯದೆಂದು ಎಣಿಸಲ್ಪಟ್ಟಿತ್ತು. ನ್ಯೂಟನನು ಹಾಗೆಣಿಸಲಿಲ್ಲ. ಆಗ ಇಂಗ್ಲೆಂಡಿನ ಹಳೆಯ ಬೆಳ್ಳಿ ನಾಣ್ಯಗಳ ಅಂಚನ್ನು ಕತ್ತರಿಸಿ ಕದಿಯುವವರು ಹೆಚ್ಚಿ, ನಾಣ್ಯಗಳು ತೂಕಗೆಟ್ಟಿದ್ದವು. ಸರ್ಕಾರವು ಅವೆಲ್ಲವನ್ನೂ ಹಿಂತೆಗೆದು ಕರಗಿಸಿ ಹೊಸದಾಗಿ ಅಚ್ಚುಹಾಕಿಸುತ್ತಲಿತ್ತು. ನ್ಯೂಟನನು ಕುಲುಮೆ, ಗಾಣ, ಕುದುರೆ, ಅಚ್ಚಿನ ಯಂತ್ರ, ಆಳುಗಳ ಸಂಖ್ಯೆ ಇವೆಲ್ಲವನ್ನೂ ಕಣ್ಣಾರೆ ಕಂಡು, ಒಂದು ನಿಮಿಷಕ್ಕೆ ಯಂತ್ರವು ಎಷ್ಟು ನಾಣ್ಯಗಳನ್ನು ಒತ್ತಬಲ್ಲುದೆಂಬುದನ್ನೂ ಲೆಕ್ಕ ಹಾಕಿದನು. ಬ್ರಿಸ್ಟಲ್, ಯಾರ್ಕ್ ಮೊದಲಾದ ಐದು ಊರುಗಳಲ್ಲಿ ತಾತ್ಕಾಲಿಕ ಟಂಕಸಾಲೆಗಳು ನಡೆದವು. ಚೆಸ್ಟರಿನದಕ್ಕೆ ಅವನ ಮಿತ್ರನಾದ ಖಗೋಳಜ್ಞ ಹ್ಯಾಲಿಯೇ ಅಧಿಕಾರಿಯಾಗಿ ಹೋದನು.

ಖೋಟಾ ನಾಣ್ಯದವರನ್ನು ಹಿಡಿಯುವುದೂ ವಾರ್ಡನ್ನನ ಕರ್ತವ್ಯವಾಗಿತ್ತು. ಇದರಿಂದ ತನ್ನನ್ನು ಬಿಡಿಸಬೇಕೆಂದು ನ್ಯೂಟನನು ಮೊದಲು ಬೇಡಿಕೊಂಡನು. ಬಿಡುಗಡೆ ದೊರೆಯದಿರಲು ಅದನ್ನೂ ಶ್ರದ್ಧೆಯಿಂದಲೇ ನಡೆಯಿಸಿ, ಸಾಕ್ಷಿಗಳ ಹೇಳಿಕೆಗಳನ್ನು ತಾನೇ ಬರೆಯಿಸಿಕೊಂಡನು. ಟಂಕಸಾಲೆಯ ಮೇಲೆಯೇ ದೋಷಾರೋಪ ಮಾಡಿದ್ದ ವಿಲಿಯಂ ಚಾಲೋನರ್ ಎಂಬ ಚತುರ ಖೋಟಾಗಾರನು 1699ರಲ್ಲಿ ಗಲ್ಲಿಗೇರಿದನು. ಆ ಕಾನೂನಿನ ಕ್ರೌರ್ಯವನ್ನು ನಾವು ಮೆಚ್ಚಲಾರೆವು; ಅಧಿಕಾರವು ಶಾಂತನಾದ ವಿದ್ವಾಂಸನ ಕೈಯಿಂದಲೂ ಎಂಥ ಕೆಲಸವನ್ನು ಮಾಡಿಸುತ್ತದೆಂಬುದನ್ನು ಮಾತ್ರ ಇಲ್ಲಿ ಗಮನಿಸತಕ್ಕದ್ದು.

ಅದೇ ವರ್ಷದ ಕೊನೆಯಲ್ಲಿ ಅವನು ಟಂಕಸಾಲೆಯ ಮಾಸ್ಟರ್ ಆದನು. 1701ರಲ್ಲಿ ಪ್ರಾಧ್ಯಾಪಕತ್ವಕ್ಕೆ ರಾಜೀನಾಮೆ ಕೊಟ್ಟನು. 1717ರಲ್ಲಿ ಅವನು ಒಪ್ಪಿಸಿದ ವರದಿಯು ನಮಗೂ ಸಂಬಂಧಪಟ್ಟದ್ದು. ಇಂಡಿಯಾ, ಚೀಣಾ ದೇಶಗಳಲ್ಲಿ ಚಿನ್ನಕ್ಕೆ ಹೋಲಿಸಿದರೆ ಬೆಳ್ಳಿಗೆ ಹೆಚ್ಚು ಬೆಲೆಯಿರುವುದರಿಂದ ಇಂಗ್ಲೆಂಡಿನ ಬೆಳ್ಳಿಯು ಪೂರ್ವಕ್ಕೆ ಹರಿಯುತ್ತಿದೆಯೆಂದು ಅವನು ಅದರಲ್ಲಿ ತೋರಿಸಿದನು. ಗಿನಿಯ ಬೆಲೆಯನ್ನು 21 ಷಿಲ್ಲಿಂಗಿಗೆ ಇಳಿಸಿದರೂ ಬೆಳ್ಳಿಯ ಹರಿವು ನಿಲ್ಲಲಿಲ್ಲ. ಯಾರೂ ಉದ್ದೇಶಿಸದೆಯೇ ಇಂಗ್ಲೆಂಡು ಚಿನ್ನದ ನಾಣ್ಯಪದ್ಧತಿಗೆ ಬಂದು ನಿಂತಿತು.

ಹಾಗಾದರೆ ಶಾಸ್ತ್ರಕ್ಕೆ ನಷ್ಟವಾಗಲಿಲ್ಲವೆ? ಆಯಿತೆಂದೇ ಹೇಳಬೇಕು. 1697ರ ಜನವರಿಯಲ್ಲಿ ಬರ್ನೂಲಿಯು ಯೂರೋಪಿನ ಗಣಿತಜ್ಞರಿಗೆ ಒಡ್ಡಿದ್ದ ಕಠಿಣ ಸಮಸ್ಯೆಯು ಕೈಸೇರಿದಾಗ, ಟಂಕಸಾಲೆಯಿಂದ ದಣಿದು ಬಂದಿದ್ದ ನ್ಯೂಟನನು ಬೆಳಗಾಗುವುದರೊಳಗೆ ಅದನ್ನು ಬಿಡಿಸಿದನು. ಅವನ ಶಕ್ತಿ ಕುಂದಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಆದರೂ ಎರಡನೆಯ ಪ್ರಿನ್ಸಿಪಿಯ ಹುಟ್ಟಲಿಲ್ಲ; 1704ರಲ್ಲಿ ಹೊರಬಂದ ಬೆಳಕಿನ ಗ್ರಂಥವು ಬಹುಮಟ್ಟಿಗೆ ಹಿಂದಿನ ಶ್ರಮದ ಫಲ. 1727ರ ಮಾರ್ಚ್ 20ರಂದು ಅವನು ಅಧಿಕಾರದಲ್ಲಿರುವಾಗಲೇ ಮೃತನಾದನು.

ವಿದ್ವಾಂಸನನ್ನು ಅಧಿಕಾರಕ್ಕೆ ಕರೆಯುವ ಸರ್ಕಾರವು ಈ ನಷ್ಟವನ್ನು ಮೊದಲೇ ಎಣಿಸಿ, ಅದಕ್ಕೆ ತಕ್ಕ ಕಾರ್ಯವನ್ನೇ ಅವನಿಗೆ ಒಪ್ಪಿಸಬೇಕು. ಬರಿಯ ಗೌರವಕ್ಕಾಗಿ ಪೀಠದಲ್ಲಿ ಕೂರಿಸಿದರೆ ಎರಡು ಕಡೆಯೂ ಹಾನಿ. ಅಧಿಕಾರಕ್ಕೆ ಹೋಗುವ ವಿದ್ವಾಂಸನಾದರೋ, ಕಂಡು ಅಳೆದು ಲೆಕ್ಕವಿಟ್ಟು ನಂಬುವ ತನ್ನ ಅಭ್ಯಾಸವನ್ನು ಪ್ರಯೋಗಶಾಲೆಯ ಬಾಗಿಲಲ್ಲಿ ಬಿಟ್ಟುಹೋಗಕೂಡದು.